ಪದಕಕ್ಕೆ ಕಲಾಯಿ

ಗುಬ್ಬಿಯ ಕಲಾಯಿ ಅಜ್ಮತುಲ್ಲಾನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಯಾರಾದರೂ ಹೇಳಿದರೆ, ಅವರಿಗೆ ಅವನ ಪರಿಚಯ ಸರಿಯಾಗಿಲ್ಲ ಎಂದು ತಿಳಿಯಬೇಕು. ಮೂಗಿನ ತುದಿ ಅಂದರೆ ಎಷ್ಟು ಜಾಗ ಇದ್ದೀತು? ಅವನಿಗೆ ನೆತ್ತಿಯಿಂದ ಹಿಮ್ಮಡಿಯವರೆಗೂ ಕೋಪ. ಮಳೆ ಬಂದರೆ ಗುಂಡಿಯ ಕೆಂಡ ನೆನೆಯಿತೆಂದು ಕೋಪ, ಬರದಿದ್ದರೆ ಬಾವಿಯ ನೀರು ಇಳಿಯಿತೆಂದು ಕೋಪ. ತುಮಕೂರಿನ ಅಂಗಡಿಗಳಲ್ಲಿ ಸ್ಟೀಲ್ ಪಾತ್ರೆ ನೇತುಹಾಕಿದವರ ಮೇಲೆ ಕೋಪ, ಅದನ್ನು ಕೊಂಡು ತಂದು ತಾಮ್ರದ ಹಂಡೆಯನ್ನು ಅಟ್ಟಕ್ಕೆ ಏರಿಸಿದ ಹೆಂಗಸರ ಮೇಲೆ ಇನ್ನೂ ಕೋಪ. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ಕನ್ನಡ, ಬೈಯುವುದು ಮಾತ್ರ ಎರಡರಲ್ಲೂ. ಆದರೆ ಇವೆಲ್ಲ ದಿನದ ಕೋಪಗಳು, ಸಂಜೆ ಒಂದು ಲೋಟ ಟೀ ಕುಡಿದರೆ ಇಳಿಯುವಂಥವು. ಇಳಿಯದೆ ಹತ್ತು ವರ್ಷ ಕುದ್ದದ್ದು ಒಂದೇ ಒಂದು, ಅದು ಮಗ ಮನ್ಸೂರ್ ಅಲಿಯ ಮೇಲಿನ ಕೋಪ.

ಕಲಾಯಿ ಅಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ತಲೆಬುಡ ತಿಳಿಯುವುದಿಲ್ಲ. ತಾಮ್ರದ, ಹಿತ್ತಾಳೆಯ ಪಾತ್ರೆಗೆ ಒಳಗೆ ತವರದ ಬಿಳಿ ಲೇಪ ಇರಬೇಕು. ಅದು ಸವೆದು ತಾಮ್ರ ಇಣುಕಿದರೆ ಹುಳಿ ಸಾರಿಗೆ ಕಿಲುಬು ಹತ್ತಿ ವಿಷವಾಗುತ್ತದೆ. ಆಗ ಅಜ್ಮತುಲ್ಲಾ ಬರಬೇಕು. ಹೆಬ್ಬೂರು, ಹಾಗಲವಾಡಿ, ಕುಣಿಗಲ್ಲು, ಎಲ್ಲಿ ಕರೆದರೆ ಅಲ್ಲಿ ಒಂದು ಮರದಡಿ ಗುಂಡಿ ತೋಡಿ, ಇದ್ದಿಲು ತುಂಬಿ, ಚರ್ಮದ ತಿದಿ ಒತ್ತಿ ಗಾಳಿ ಊದಿ ಕೆಂಡ ಮಾಡುತ್ತಿದ್ದ. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತದೆ. ಆ ಹೊಗೆಯಲ್ಲೇ ತವರದ ಕಡ್ಡಿ ಮುಟ್ಟಿಸಿ, ಅದು ಕರಗಿ ಓಡುತ್ತಿದ್ದ ಹಾಗೆ ಹತ್ತಿಯಲ್ಲಿ ಒಂದೇ ಉಸಿರಿಗೆ ಸವರಿಬಿಡಬೇಕು. ಈ ಕೆಲಸಕ್ಕೆ ಇರುವುದು ಒಂದೇ ಕಾನೂನು. ತವರ ಓಡಲು ಶುರುವಾದ ಮೇಲೆ ಪಾತ್ರೆ ಹಿಡಿದವನು ಬಿಡಬಾರದು. ಕಿಡಿ ಬೀಳಲಿ, ಕೈ ಸುಡಲಿ, ಬಿಡಬಾರದು. ಬಿಟ್ಟರೆ ಲೇಪ ಕಜ್ಜಿ ಎದ್ದ ಹಾಗೆ ಆಗಿ ಪಾತ್ರೆ ಕೆಡುತ್ತದೆ.

೧೯೬೯ರಲ್ಲಿ ಕುಣಿಗಲ್ಲಿನ ಒಂದು ಹುಣಸೆಮರದ ಕೆಳಗೆ ಮನ್ಸೂರ್ ಬಿಟ್ಟ. ಆಗ ಅವನಿಗೆ ಹದಿನೇಳು. ಮದುವೆ ಮನೆಯ ದೊಡ್ಡ ಹಂಡೆ, ಹುಡುಗ ಎರಡೂ ಕೈಯಲ್ಲಿ ಗೋಣಿಬಟ್ಟೆ ಸುತ್ತಿ ಹಿಡಿದಿದ್ದ, ಮಣಿಕಟ್ಟಿನ ಮೇಲೆ ಒಂದು ಕೆಂಡ ಸಿಡಿಯಿತು. ಹಂಡೆ ಉರುಳಿಕೊಂಡು ಹೋಗಿ ಚರಂಡಿಯ ಕೆಸರಿಗೆ ಬಿತ್ತು. ಬೀದಿಯವರೆಲ್ಲ ನೋಡುತ್ತಿರುವಾಗ ಅಜ್ಮತುಲ್ಲಾ ಮಗನ ಕೆನ್ನೆಗೆ ಬಿಟ್ಟ ಏಟು ಎಷ್ಟು ಜೋರಿತ್ತೆಂದರೆ ಮರದ ಮೇಲಿನ ಕಾಗೆ ಎದ್ದು ಹೋಯಿತು. "ಹಿಡಿದ ಮೇಲೆ ಬಿಡ್ತಾರೇನ್ಲಾ? ಕೈ ಹೋದ್ರೆ ಹೋಗ್ಲಿ, ಬಿಡ್ತಾರಾ?" ಎಂದ. ಹುಡುಗ ಚರಂಡಿಗೆ ಇಳಿದು ಹಂಡೆ ಎತ್ತಿಟ್ಟ. ಎರಡು ವಾರದ ಮೇಲೆ ಬೆಂಗಳೂರಿಗೆ ಹೋಗಿ ನೇವಿಗೆ ಸೇರಿಬಿಟ್ಟ.

ಸೇರಿದ ಮೇಲೆ ಕಾಗದ ಬರೆದ. ಹಡಗಿನ ಬಾಯ್ಲರ್ ರೂಮಿಗೆ ಹಾಕಿದ್ದಾರೆ, ಹಗಲೆಲ್ಲ ಬೆಂಕಿಯ ಮುಂದೆಯೇ ಕೆಲಸ ಎಂದು ಅದರಲ್ಲಿತ್ತು. ಅಜ್ಮತುಲ್ಲಾ ಅಂದು ನಕ್ಕಿದ್ದ, ಅದೂ ಕೋಪದ ನಗು. "ಅಪ್ಪನ ಕೆಂಡ ಸುಡ್ತು ಅಂತ ಓಡೋದ ಬಹಾದ್ದೂರ್, ಸರ್ಕಾರದ ಕೆಂಡ ತಣ್ಣಗಿರ್ತದೇನೋ" ಎಂದು ಹೆಂಡತಿ ರಹಿಮಾ ಬೀಗೆ ಹೇಳಿದ. ಅಲ್ಲಿಂದಾಚೆ ಮಗನ ಜೊತೆ ನೇರ ಮಾತಿಲ್ಲ. ರಜಕ್ಕೆ ಬಂದಾಗ ಒಂದೇ ಜಗಲಿಯ ಮೇಲೆ ಕೂತು, "ನಿನ್ನ ಮಗನಿಗೆ ಹೇಳು, ಚಪ್ಪಲಿ ಬಾಗಿಲಿಗೆ ಅಡ್ಡ ಐತೆ ಅಂತ" ಎಂದು ಹೆಂಡತಿಯ ಕೈಲಿ ಹೇಳಿಸುವನು. ಮಗ ಎದ್ದು ಚಪ್ಪಲಿ ಸರಿಸುವನು. ಹತ್ತು ವರ್ಷ ಇದೇ ಸಂಸಾರ.

೧೯೭೭ರಲ್ಲಿ ಹಡಗಿನಲ್ಲಿ ಏನೋ ಅಪಘಾತ ಆಯಿತೆಂದೂ, ಮನ್ಸೂರ್ ಆಸ್ಪತ್ರೆಯಲ್ಲಿದ್ದಾನೆಂದೂ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಪೋಸ್ಟ್ ಮಾಸ್ಟರು ಓದಿ ಹೇಳಿದರು. ರಹಿಮಾ ಬೀ ಅತ್ತಳು. ಅಜ್ಮತುಲ್ಲಾ ಆವತ್ತು ಹಾಗಲವಾಡಿಗೆ ನಡೆದೇ ಹೋಗಿ, ಯಾರೂ ಕರೆಯದ ಮನೆಗಳ ಮುಂದೆ ನಿಂತು, ಕಲಾಯಿ ಹಾಕಿಸ್ಕೊಳ್ಳಲ್ಲ ಎಂದವರನ್ನೆಲ್ಲ ಬೈದು ಬಂದ. ಮರುವರ್ಷ ಮಗನಿಗೆ ಶೌರ್ಯ ಚಕ್ರ ಬಂತು. ದೆಹಲಿಯಲ್ಲಿ ರಾಷ್ಟ್ರಪತಿಗಳೇ ಎದೆಗೆ ಚುಚ್ಚಿದರಂತೆ. ಪೇಪರಿನಲ್ಲಿ ನಾಲ್ಕು ಸಾಲು ಬಂತು. ಆ ನಾಲ್ಕು ಸಾಲನ್ನು ಗುಬ್ಬಿಯಲ್ಲಿ ಮೊದಲು ಓದಿದವರು ಕೊಬ್ಬರಿ ಮಂಡಿಯ ಮಹಾದೇವಯ್ಯನವರು.

ಮಹಾದೇವಯ್ಯನವರು ಊರಿಗೆ ದೊಡ್ಡವರು. ಮಠದ ದಾಸೋಹಕ್ಕೆ, ಶಾಲೆಯ ಬೆಂಚಿಗೆ, ಎಲ್ಲದಕ್ಕೂ ಮುಂದೆ ನಿಲ್ಲುವವರು. ಕೆಟ್ಟವರಲ್ಲ. ಆದರೆ ಒಂದು ವಿಷಯ ಅರ್ಧ ಕಿವಿಗೆ ಬಿದ್ದರೆ ಉಳಿದರ್ಧವನ್ನು ತಾವೇ ಹೇಳಿಬಿಡುವ ಸ್ವಭಾವ. ೧೯೭೯ರ ಜನವರಿಯಲ್ಲಿ ಮನ್ಸೂರ್ ಒಂದು ತಿಂಗಳ ರಜದ ಮೇಲೆ ಬಂದ ಮೂರನೆಯ ದಿನವೇ ಸನ್ಮಾನ ಸಮಿತಿ ಅಂತ ಒಂದು ಹುಟ್ಟಿ, ಕರಪತ್ರ ಅಚ್ಚಾಗಿ, ಊರಿನ ಗೋಡೆಗಳಿಗೆ ಅಂಟಿಕೊಂಡಿತು. '೧೯೭೧ರ ಪಾಕಿಸ್ತಾನ ಯುದ್ಧದ ಸಮುದ್ರ ವೀರ, ಗುಬ್ಬಿಯ ಹೆಮ್ಮೆಯ ಪುತ್ರ' ಎಂದು ದಪ್ಪ ಅಕ್ಷರದಲ್ಲಿತ್ತು.

ಮನ್ಸೂರ್ ಮಂಡಿಗೆ ಹೋಗಿ, "ಯಜಮಾನ್ರೇ, ನಾನು ಯುದ್ಧ ಮಾಡಿಲ್ಲ, ಅದನ್ನ ತಿದ್ದಿಸಿ" ಎಂದು ಕೇಳಿದ.

"ಅಚ್ಚಾಗೋಗೈತೆ ಕಣಪ್ಪಾ. ಯುದ್ಧ ಮಾಡ್ದೆ ಯಾರಾದ್ರೂ ಪದಕ ಕೊಡ್ತಾರಾ? ನಾಚ್ಕೆ ಪಟ್ಕೋಬೇಡ ಬುಡು" ಎಂದರು ಮಹಾದೇವಯ್ಯ.

ಮನೆಗೆ ಬಂದು ತಾಯಿಗೆ ಇದನ್ನು ಹೇಳುತ್ತ ಮನ್ಸೂರ್ ಚಮಚದಲ್ಲಿ ಅನ್ನ ಉಣ್ಣುತ್ತಿದ್ದ. ಅಜ್ಮತುಲ್ಲಾನಿಗೆ ಅದು ಕಣ್ಣಿಗೆ ಬಿದ್ದು ಮೈಯೆಲ್ಲ ಉರಿಯಿತು. ಬಂದ ದಿನದಿಂದ ನೋಡುತ್ತಿದ್ದಾನೆ, ತುಂಬುತೋಳಿನ ಅಂಗಿ, ಕೈ ಯಾವಾಗಲೂ ಜೇಬಿನಲ್ಲಿ, ಉಣ್ಣುವುದಕ್ಕೆ ಚಮಚ. "ನಿನ್ನ ಮಗನಿಗೆ ಕೇಳು, ನೇವಿಯೋರು ಇವನ್ನ ದೊರೆ ಮಾಡಿ ಕಳ್ಸವ್ರಾ? ಕೈಯಲ್ಲಿ ಉಂಡ್ರೆ ಮರ್ಯಾದೆ ಹೋಗ್ತದಾ?" ಎಂದ. ರಹಿಮಾ ಬೀ ಗಂಡನ ಕಡೆ ಒಂದು ಥರ ನೋಡಿದಳು, ಏನೋ ಹೇಳಲು ಹೋದಳು, ಮಗ ಬೇಡ ಎಂದು ಕಣ್ಣು ಮಾಡಿದ. ಅಜ್ಮತುಲ್ಲಾ ಅದನ್ನು ನೋಡಲೂ ಇಲ್ಲ. ಅವನಿಗೆ ಚಮಚ ಕಂಡಿತ್ತೇ ಹೊರತು ಕೈ ಕಂಡಿರಲಿಲ್ಲ.

ಸನ್ಮಾನದ ಹಿಂದಿನ ದಿನ, ಮಗ ಇಲ್ಲದ ಹೊತ್ತಿನಲ್ಲಿ, ರಹಿಮಾ ಬೀ ಟ್ರಂಕಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಗಂಡನ ಮುಂದಿಟ್ಟಳು. "ಒಂದ್ ಸಲಾನಾದ್ರೂ ನೋಡ್ರೀ. ನಿಮ್ಮ ಕೋಪ ಏನೂ ಕರಗೋಗಲ್ಲ."

ಅಜ್ಮತುಲ್ಲಾ ತೆರೆದು ನೋಡಿದ. ಹಸಿರು ಪಟ್ಟಿ, ಅದರ ತುದಿಗೆ ದುಂಡಗಿನದೊಂದು ಬಿಲ್ಲೆ, ನಡುವೆ ಚಕ್ರ. ಬಣ್ಣ ಕಂದು. ಆರು ತಿಂಗಳು ಹುಳಿ ಸಾರು ಕಾಯಿಸಿದ ಪಾತ್ರೆಯ ಒಳಗಿನ ಹಾಗೆ ಕಂದು. ಅವನು ಬೆಳಕಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಕೆರೆದು ನೋಡಿದ. ನಲವತ್ತು ವರ್ಷದ ಅನುಭವದಲ್ಲಿ ಅದಕ್ಕೆ ಒಂದೇ ಅರ್ಥ ಇತ್ತು. ಕಲಾಯಿ ಇಲ್ಲ.

"ಇದನ್ನಾ ಕೊಟ್ಟಿದ್ದು?" ಎಂದ. ಅವನ ಕೋಪ ಗುಬ್ಬಿ ದಾಟಿ ದೆಹಲಿಗೆ ಹೋಯಿತು. "ನನ್ನ ಮಗನ್ನ ಬೆಂಕಿ ಮುಂದೆ ಬೇಯ್ಸಿ, ಕಲಾಯಿ ಇಲ್ಲದ ಬಿಲ್ಲೆ ಕೊಟ್ಟವ್ರೆ. ಅಷ್ಟು ದೊಡ್ಡ ಸರ್ಕಾರಕ್ಕೆ ಒಂದು ಚೂರು ತವರ ಸಿಗ್ಲಿಲ್ವಾ?" ನನ್ನ ಮಗ ಎಂಬ ಮಾತು ಹತ್ತು ವರ್ಷದ ಮೇಲೆ ಅವನ ಬಾಯಲ್ಲಿ ಬಂದದ್ದು ರಹಿಮಾ ಬೀ ಗಮನಿಸಿದಳು. ಖುಷಿಯಲ್ಲಿ ಅವಳು ಮುಂದಿನದನ್ನು ಕೇಳದೆ ಒಲೆಯ ಕಡೆ ಹೋದಳು. ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಆ ವಾರ ಅಜ್ಮತುಲ್ಲಾನಿಗೆ ಊರಿನ ಛತ್ರದಲ್ಲೇ ಕೆಲಸ. ಮಾಘದ ಮದುವೆಗಳು ಬರುತ್ತವೆ ಎಂದು ಛತ್ರದ ಕೊಪ್ಪರಿಗೆಗಳನ್ನೆಲ್ಲ ಹಿತ್ತಲಿಗೆ ಇಳಿಸಿದ್ದರು. ಗುಂಡಿ, ತಿದಿ ಎಲ್ಲ ಅಲ್ಲೇ ಇದ್ದವು. ಸನ್ಮಾನವೂ ಅದೇ ಛತ್ರದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಅಜ್ಮತುಲ್ಲಾ ಆ ದಿನ ಬೆಳಗಿನ ನಮಾಜು ಮುಗಿಸಿದವನೇ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಛತ್ರದ ಹಿತ್ತಲಿಗೆ ಹೋದ. ಪಟ್ಟಿಯನ್ನು ಬಿಚ್ಚಿ ಮಡಿಸಿಟ್ಟ. ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ. ಇಕ್ಕಳದಲ್ಲಿ ಹಿಡಿದು ಕೆಂಡಕ್ಕೆ ಹಿಡಿದ. ಅಂಥ ನಾಜೂಕಿನ ಕೆಲಸವನ್ನು ಅವನು ಯಾವ ಜಮೀನ್ದಾರನ ಪಾತ್ರೆಗೂ ಮಾಡಿರಲಿಲ್ಲ. ಅಂಚಿನ ಸುತ್ತ ಇರುವೆ ಸಾಲಿನಂತೆ ಸಣ್ಣ ಸಣ್ಣ ಗೀರುಗಳಿದ್ದವು. ಯಾವನೋ ಬೇಜವಾಬ್ದಾರಿಯವನು ಗೀಚಿ ಹಾಕಿದ್ದಾನೆ ಎಂದು ಅವನನ್ನೂ ಬೈದು, ಅಂಚಿಗೆ ಇನ್ನೊಂದು ಸುತ್ತು ತವರ ಹೆಚ್ಚಾಗಿಯೇ ಸವರಿದ. ನೀರಿನಲ್ಲಿ ಅದ್ದಿ ತೆಗೆದಾಗ ಬಿಲ್ಲೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅಜ್ಮತುಲ್ಲಾ ಅದನ್ನು ನೋಡಿ ಒಂದು ನಿಮಿಷ ಯಾರ ಮೇಲೂ ಕೋಪ ಇಲ್ಲದೆ ಕೂತಿದ್ದ.

ಹತ್ತು ಗಂಟೆಗೆ ಮನ್ಸೂರ್ ಬಿಳಿ ಯೂನಿಫಾರಂ ಹಾಕಿಕೊಂಡು, ಅಪ್ಪ ಪಟ್ಟಿ ಕಟ್ಟಿ ಟ್ರಂಕಿಗೆ ವಾಪಸು ಇಟ್ಟಿದ್ದ ಡಬ್ಬಿ ತೆರೆದ. ಅಜ್ಮತುಲ್ಲಾ ಜಗಲಿಯ ಕಂಬಕ್ಕೆ ಒರಗಿ, ನೋಡದವನ ಹಾಗೆ ನೋಡುತ್ತಿದ್ದ. ಮಗ ಪದಕವನ್ನು ನೋಡಿದ. ಬಹಳ ಹೊತ್ತು ನೋಡಿದ. ಅಂಚನ್ನು ತಿರುಗಿಸಿ ನೋಡಿದ. ಆಮೇಲೆ ತಲೆ ಎತ್ತಿ ಅಪ್ಪನನ್ನು ನೋಡಿದ. ಒಂದು ಮಾತೂ ಆಡದೆ ಎದೆಗೆ ಚುಚ್ಚಿಕೊಂಡು ಟೋಪಿ ಇಟ್ಟುಕೊಂಡ. ಅಜ್ಮತುಲ್ಲಾನಿಗೆ ಮತ್ತೆ ಕೋಪ ಏರಿತು. ಚೆನ್ನಾಗಿದೆ ಎನ್ನಲು ಬಾಯಿಗೆ ಏನು ಬಂದಿತ್ತು ಇವನಿಗೆ? ಅಪ್ಪ ಬೆಳಿಗ್ಗೆ ಎದ್ದು ಮಾಡಿದ ಕೆಲಸ, ಅಷ್ಟೂ ಬೇಡವಾ? ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಮಗನಿಂದ ಇಪ್ಪತ್ತು ಹೆಜ್ಜೆ ಹಿಂದೆ ನಡೆದ.

ಛತ್ರದ ತುಂಬ ಜನ. ವೇದಿಕೆಯ ಮೇಲೆ ಮಹಾದೇವಯ್ಯ, ಪಕ್ಕದಲ್ಲಿ ಮನ್ಸೂರ್, ಇನ್ನೊಂದು ಪಕ್ಕ ನಿವೃತ್ತ ಹವಾಲ್ದಾರ್ ಪುಟ್ಟರಂಗಯ್ಯ. ಮಾಜಿ ಸೈನಿಕ ಒಬ್ಬ ಇರಲಿ, ಹಾರ ಹಾಕುವುದಕ್ಕೆ ಆಗುತ್ತದೆ ಎಂದು ಅವನನ್ನು ಕೂರಿಸಿದ್ದರು. ಪುಟ್ಟರಂಗಯ್ಯ ಅರವತ್ತೈದರ ಯುದ್ಧದಲ್ಲಿ ಗುಂಡುಗಳ ನಡುವೆ ಹೊಟ್ಟೆಯ ಮೇಲೆ ತೆವಳಿದವನು. ಅವನಿಗೆ ಅದರಿಂದ ಬಂದದ್ದು ಒಂದು ಮಂಡಿನೋವು. ಅವನನ್ನು ಈ ಊರು ಯಾವತ್ತೂ ವೇದಿಕೆ ಹತ್ತಿಸಿರಲಿಲ್ಲ, ಈಗ ಹತ್ತಿಸಿದ್ದು ಬೇರೆಯವನಿಗೆ ಹಾರ ಹಾಕಲು. ಅವನ ಮುಖ ಮೊದಲೇ ಗಂಟಾಗಿತ್ತು.

ಮಹಾದೇವಯ್ಯ ಮೈಕಿನ ಮುಂದೆ ನಿಂತು, ಎಪ್ಪತ್ತೊಂದರಲ್ಲಿ ಪಾಕಿಸ್ತಾನದ ಹಡಗನ್ನು ನಮ್ಮ ಹುಡುಗ ಹೇಗೆ ಮುಳುಗಿಸಿದ ಎಂದು ಕಣ್ಣಾರೆ ಕಂಡವರ ಹಾಗೆ ಹೇಳಿದರು. "ತನ್ನ ಜಾತಿ ಧರ್ಮ ಯಾವ್ದೂ ನೋಡ್ಲಿಲ್ಲ ನಮ್ಮ ಮನ್ಸೂರು, ತಾಯ್ನಾಡಿಗೆ ನಿಂತ" ಎಂದಾಗ ಜನ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಅಜ್ಮತುಲ್ಲಾನಿಗೆ ಚಪ್ಪಾಳೆ ಮುಖಕ್ಕೆ ಹೊಡೆದ ಹಾಗಾಯಿತು. ತಾಯ್ನಾಡಿಗೆ ನಿಲ್ಲದೆ ಇನ್ಯಾರಿಗೆ ನಿಲ್ಲುತ್ತಿದ್ದ ಅವನು? ಅವನ ತಾತ ಕಲಾಯಿ ಹಾಕಿದ ಕೊಪ್ಪರಿಗೆಯಲ್ಲಲ್ಲವಾ ನಿಮ್ಮಪ್ಪನ ಮದುವೆ ಊಟ ಬೆಂದದ್ದು, ಯಜಮಾನ್ರೇ? ಎಂದು ಮನಸ್ಸಿನಲ್ಲೇ ಕೇಳಿದ.

ಮನ್ಸೂರ್ ಎದ್ದು ಮೈಕಿಗೆ ಬಂದ. "ಯಜಮಾನ್ರು ಪ್ರೀತಿಯಿಂದ ಹೇಳಿದ್ರು, ಆದ್ರೆ ಅದು ನಿಜ ಅಲ್ಲ. ನಾನು ಯಾವ ಹಡಗೂ ಮುಳುಗಿಸಿಲ್ಲ. ಆ ಯುದ್ಧದ ಹೊತ್ತಲ್ಲಿ ನಮ್ಮ ಹಡಗು ರಿಪೇರಿಗೆ ನಿಂತಿತ್ತು, ನಾನು ದಡದ ಮೇಲೆ ವರ್ಕ್‌ಶಾಪಲ್ಲಿದ್ದೆ. ಇದು ಬಂದಿದ್ದು ಎರಡು ವರ್ಷದ ಹಿಂದಿನ ಒಂದು ದಿನಕ್ಕೆ. ಆವತ್ತು ಯುದ್ಧ ಗಿದ್ಧ ಏನೂ ಇರ್ಲಿಲ್ಲ. ಬಾಯ್ಲರ್ ರೂಮಲ್ಲಿ ಹಬೆ ಪೈಪು ಒಡೀತು, ಒಳಗೆ ಆರು ಜನ ಇದ್ವಿ. ವಾಲ್ವ್ ತಿರುಗಿಸಿ ಹಬೆ ನಿಲ್ಲಿಸ್ದೆ, ಉಳಿದ ಐದು ಜನಾನೂ ಆಚೆಗೆ ಎಳ್ಕೊಂಡೆ. ನಾಲ್ಕು ಜನ ಬದುಕಿದ್ರು. ಒಬ್ಬ ಉಳೀಲಿಲ್ಲ. ಅಷ್ಟೇ" ಎಂದು ಕೂತ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಡಗು ಮುಳುಗಿಸಿದವನನ್ನು ನೋಡಲು ಬಂದಿದ್ದರು, ಪೈಪು ನಿಲ್ಲಿಸಿದವನು ಸಿಕ್ಕಿದ. ಮಹಾದೇವಯ್ಯನವರ ಮುಖ ಇಳಿಯಿತು. ಬೇಗ ಮುಗಿಸೋಣ ಎಂದು ಪುಟ್ಟರಂಗಯ್ಯನ ಕೈಗೆ ಹಾರ ಕೊಟ್ಟರು. ಪುಟ್ಟರಂಗಯ್ಯ ಹಾರ ಹಿಡಿದು ಬಗ್ಗಿದವನು ಅಲ್ಲೇ ನಿಂತ. ಪದಕವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ.

"ಶೌರ್ಯ ಚಕ್ರ ಕಂಚಿಂದು" ಎಂದ. ಮೈಕು ಅಲ್ಲೇ ಇದ್ದದ್ದರಿಂದ ಎಲ್ಲರಿಗೂ ಕೇಳಿಸಿತು. "ನಮ್ಮ ಸುಬೇದಾರ್ ಸಾಹೇಬ್ರ ಎದೆ ಮೇಲೆ ದಿನಾ ನೋಡಿದೀನಿ. ತಾಮ್ರದ ಬಣ್ಣ ಇರ್ತದೆ. ಇದೇನು ಹೋಟ್ಲು ಚಮಚದಂಗೆ ಬೆಳ್ಳಗೈತೆ? ಅಂಚಲ್ಲಿ ಹೆಸರು, ನಂಬರು ಕೆತ್ತಿರ್ತಾರೆ. ಇದ್ರಲ್ಲಿ ಎಲ್ಲೈತೆ? ತೋರ್ಸಪ್ಪಾ."

ಮನ್ಸೂರ್ ಕೊನೆಯ ಸಾಲಿನ ಕಡೆ ಒಮ್ಮೆ ನೋಡಿದ.

"ಮಾತಾಡಪ್ಪಾ ಮನ್ಸೂರು. ಏನಿದು?" ಎಂದರು ಮಹಾದೇವಯ್ಯ.

"ಪದಕ ನಂದೇ" ಎಂದ ಮನ್ಸೂರ್.

"ನಿಂದೇ ಆದ್ರೆ ಬೆಳ್ಳಗ್ಯಾಕೈತೆ?"

ಹಿಂದಿನ ಸಾಲಿನಿಂದ ಒಬ್ಬ, "ತುಮಕೂರು ಸಂತೇಲಿ ತಗೊಂಡಿರ್ಬೇಕು ಬುಡ್ರಣ್ಣ" ಎಂದ, ನಾಲ್ಕು ಜನ ನಕ್ಕರು. "ಅದಕ್ಕೇ ಯುದ್ಧ ಮಾಡಿಲ್ಲ ಅಂತ ಮೊದ್ಲೇ ಹೇಳಿಬಿಟ್ಟ" ಎಂದ ಇನ್ನೊಬ್ಬ. ಮಹಾದೇವಯ್ಯ ಹೊದಿಸಲು ಬಿಚ್ಚಿದ್ದ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟರು. "ಸರ್ಕಾರದ ಪದಕದ ವಿಷ್ಯ, ಪೊಲೀಸ್ನೋರಿಗೆ ಒಂದ್ ಮಾತು ಹೇಳ್ಬೇಕಾಗ್ತದೆ" ಎಂದರು, ಬೇಜಾರಿನಲ್ಲೇ.

ಅಜ್ಮತುಲ್ಲಾ ಆಗಲೇ ಎದ್ದಿದ್ದ. ಜನರನ್ನು ಮೊಣಕೈಯಲ್ಲಿ ತಳ್ಳುತ್ತ ವೇದಿಕೆಯ ಬುಡಕ್ಕೆ ಬಂದಿದ್ದ. "ಏಯ್ ಪುಟ್ಟರಂಗಯ್ಯಾ, ನನ್ನ ಮಗನ್ನ ಕಳ್ಳ ಅಂತೀಯಾ? ನಾಲಿಗೆ ಬಿದ್ದೋದಾತು ನಿಂದು. ನೆನ್ನೆ ನಾನೇ ಕಣ್ಣಲ್ಲಿ ನೋಡಿದೀನಿ, ಆ ಪದಕ ತಾಮ್ರದ ಬಣ್ಣಾನೇ..."

ಅಲ್ಲಿಗೆ ಅವನ ಮಾತು ನಿಂತಿತು. ನಲವತ್ತು ವರ್ಷದಲ್ಲಿ ಮೊದಲ ಸಲ, ಬೈಯುವ ಮಧ್ಯದಲ್ಲಿ ಅಜ್ಮತುಲ್ಲಾನ ಬಾಯಿ ನಿಂತಿತು. ತಾಮ್ರದ ಬಣ್ಣ. ಇರಬೇಕಾದ ಬಣ್ಣವೇ ಅದು. ಇರುವೆ ಸಾಲಿನಂಥ ಗೀರುಗಳು ಗೀರುಗಳಲ್ಲ, ಮಗನ ಹೆಸರು. ಅಜ್ಮತುಲ್ಲಾನಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಕೂಡಿಸಿ ಕೂಡಿಸಿ ಓದುತ್ತಿದ್ದ, ಇಂಗ್ಲಿಷ್ ಅವನಿಗೆ ಗೀರೇ. ತನ್ನ ಕೈಯಾರೆ ಮಗನ ಹೆಸರಿಗೆ ಎರಡು ಸುತ್ತು ತವರ ಮೆತ್ತಿದ್ದ.

ವೇದಿಕೆಯ ಮೇಲಿಂದ ಮನ್ಸೂರ್ ಅವನನ್ನೇ ನೋಡುತ್ತಿದ್ದ. ಬೇಡ ಎಂದು ತಲೆಯನ್ನು ಎಷ್ಟು ಬೇಕೋ ಅಷ್ಟು ಅಲ್ಲಾಡಿಸಿದ. ಬೆಳಿಗ್ಗೆ ಜಗಲಿಯ ಮೇಲೆ ಆ ಮೌನ ಯಾಕಿತ್ತೆಂದು ಅಜ್ಮತುಲ್ಲಾನಿಗೆ ಈಗ ತಿಳಿಯಿತು. ಡಬ್ಬಿ ತೆರೆದ ಕ್ಷಣವೇ ಮಗನಿಗೆ ಎಲ್ಲ ಗೊತ್ತಾಗಿತ್ತು. ಅಪ್ಪ ಮಾಡಿದ್ದು ಎಂದು ಹಾಗೇ ಎದೆಗೆ ಚುಚ್ಚಿಕೊಂಡಿದ್ದ. ಈಗಲೂ ನಮ್ಮಪ್ಪ ಕಲಾಯಿ ಹಾಕಿದ ಎಂದು ಒಂದು ಮಾತು ಹೇಳಿದರೆ ಬಚಾವು. ಆದರೆ ಸರ್ಕಾರದ ಪದಕ ಕೆಡಿಸಿದವನು ಅಪ್ಪನಾಗುತ್ತಾನೆ, ಊರು ನಗುತ್ತದೆ ಎಂದು ತಾನು ಕಳ್ಳನಾಗಿ ಕೂತಿದ್ದ.

ಇದನ್ನು ತಿಳಿದು ಬೇರೆ ಯಾವ ಅಪ್ಪನಿಗಾದರೂ ಕಣ್ಣೀರು ಬರುತ್ತಿತ್ತು. ಅಜ್ಮತುಲ್ಲಾನಿಗೆ ಬಂದದ್ದು ಅವನ ಜೀವಮಾನದ ಅತಿ ದೊಡ್ಡ ಕೋಪ. ನನ್ನನ್ನು ಕಾಪಾಡಲು ಇವನ್ಯಾರು? ಐದು ಜನರನ್ನು ಎಳೆದು ತಂದದ್ದು ಸಾಲದೆಂದು ಆರನೆಯವನು ನಾನಾ?

"ಕಲಾಯಿ ಹಾಕಿದ್ದು ನಾನು" ಎಂದು ಮೈಕಿಲ್ಲದೆಯೇ ಇಡೀ ಛತ್ರಕ್ಕೆ ಕೇಳುವ ಹಾಗೆ ಅಂದ. "ಬೆಳಿಗ್ಗೆ, ಇದೇ ಹಿತ್ತಲಲ್ಲಿ. ಕಂದಗಿತ್ತು, ಕಲಾಯಿ ಹೋಗೈತೆ ಅನ್ಕೊಂಡೆ. ನಂದು ಕತ್ತೆ ಬುದ್ಧಿ. ನಗೋರು ನಗ್ರಿ."

ನಕ್ಕರು. ನಗದೆ ಇರುತ್ತಾರೆಯೇ, ಮಹಾದೇವಯ್ಯನವರ ಹೊಟ್ಟೆಯೂ ಅಲುಗಿತು. ನಗು ಮುಗಿಯುವವರೆಗೆ ಅಜ್ಮತುಲ್ಲಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಆಮೇಲೆ ಹೇಳಿದ, "ನಕ್ಕಿದ್ದಾಯ್ತಾ? ಈಗ ಒಬ್ರೂ ಮನೆಗೆ ಹೋಗಂಗಿಲ್ಲ. ಎಲ್ರೂ ಹಿತ್ತಲಿಗೆ ಬರ್ರಿ. ಪುಟ್ಟರಂಗಯ್ಯಾ, ನೀನು ಮುಂದೆ ಬಂದು ನಿಂತ್ಕೋ. ಹಾಕಿದ ಕೈಯಲ್ಲೇ ತೆಗೀತೀನಿ, ಹೆಸರು ಕಾಣ್ಲಿಲ್ಲ ಅಂದ್ರೆ ಪೊಲೀಸ್ನೋರ ಹತ್ರ ನನ್ನ ಕರ್ಕೊಂಡು ಹೋಗಿ."

ಹಿತ್ತಲಿನಲ್ಲಿ ಗುಂಡಿಯ ಕೆಂಡ ಬೂದಿ ಮುಚ್ಚಿಕೊಂಡು ಇನ್ನೂ ಜೀವವಾಗಿತ್ತು. ಅಜ್ಮತುಲ್ಲಾ ಇದ್ದಿಲು ಸುರಿದು, ಇಕ್ಕಳ ಹಿಡಿದು ಕುಕ್ಕರಗಾಲಲ್ಲಿ ಕೂತ. ತಿದಿ ಒತ್ತಲು ಒಬ್ಬರು ಬೇಕು. ಅವನು ಸುತ್ತ ನೋಡಿದ. ಯಾರೂ ಮುಂದೆ ಬರಲಿಲ್ಲ. ಮನ್ಸೂರ್ ಪದಕ ಬಿಚ್ಚಿ ಅಪ್ಪನ ಮುಂದಿಟ್ಟು, ಟೋಪಿ ತೆಗೆದು ಜನರ ಜೊತೆ ಬಂದಿದ್ದ ಅಮ್ಮನ ಕೈಗೆ ಕೊಟ್ಟು, ಬಿಳಿ ಯೂನಿಫಾರಂನಲ್ಲೇ ಬೂದಿಯ ಮೇಲೆ ಕೂತು ತಿದಿಗೆ ಕೈಯಿಟ್ಟ. ಹತ್ತು ವರ್ಷದ ಹಿಂದೆ ಬಿಟ್ಟೋಡಿದ ತಿದಿ ಅದೇ.

ತವರ ಕರಗಿ ಮಿಂಚುತ್ತಿದ್ದ ಹಾಗೆ ಅಜ್ಮತುಲ್ಲಾ ಹತ್ತಿಯಲ್ಲಿ ಒರೆಸಿದ. ಮತ್ತೆ ಕಾಯಿಸಿದ, ಮತ್ತೆ ಒರೆಸಿದ. ನೀರಿಗೆ ಅದ್ದಿ, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ಅಂಚನ್ನು ತಿಕ್ಕಿದ. ಹಾಕುವಾಗ ಎಷ್ಟು ನಾಜೂಕಾಗಿ ಹಾಕಿದ್ದನೋ, ತೆಗೆಯುವುದು ಅಷ್ಟು ಕಷ್ಟವಾಯಿತು. ಸರಿಯಾಗಿ ಕೂರಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡ. ಕೊನೆಗೆ ಕಂಚು ಇಣುಕಿತು, ಅಂಚಿನ ಮೇಲೆ ಇರುವೆ ಸಾಲು ಒಂದೊಂದಾಗಿ ಎದ್ದು ಬಂತು.

"ಓದು" ಎಂದು ಪುಟ್ಟರಂಗಯ್ಯನ ಮೂಗಿನ ಹತ್ತಿರ ಹಿಡಿದ.

ಪುಟ್ಟರಂಗಯ್ಯ ಕನ್ನಡಕ ಏರಿಸಿ ಓದಿದ. ಮೊದಲು ನಂಬರು, ಆಮೇಲೆ ಅಕ್ಷರ ಅಕ್ಷರವಾಗಿ, "ಮನ್ಸೂರ್... ಅಲಿ." ಮಂಡಿನೋವಿನ ಕಾಲನ್ನು ಎಳೆದು ಜೋಡಿಸಿ, ಬೂದಿಯಲ್ಲಿ ಕೂತಿದ್ದ ಹುಡುಗನಿಗೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. "ತಪ್ಪಾಯ್ತು ಕಣಪ್ಪಾ" ಎಂದ. ಮನ್ಸೂರ್ ಎದ್ದು ಸೆಲ್ಯೂಟ್ ವಾಪಸು ಕೊಟ್ಟ.

ಮಹಾದೇವಯ್ಯ ಒಳಗಿನಿಂದ ಶಾಲು ತರಿಸಿ ಬಿಚ್ಚಿಕೊಂಡು ಬಂದರು. ಅಜ್ಮತುಲ್ಲಾ ಅಡ್ಡ ನಿಂತ. "ಮಡಚಿಟ್ಟಾಯ್ತಲ್ಲ ಯಜಮಾನ್ರೇ, ಹಂಗೇ ಇರ್ಲಿ. ಹಡಗು ಮುಳುಗಿಸಿದೋನು ಯಾರಾದ್ರೂ ಸಿಕ್ಕಾಗ ಹೊದಿಸಿ. ಈಗ ಎಲ್ರೂ ಹೋಗಿ ಉಣ್ರಿ, ಅನ್ನ ಆರ್ತದೆ." ಮಹಾದೇವಯ್ಯ ಶಾಲನ್ನು ಮತ್ತೆ ಮಡಚಿದರು. ಜನ ಒಬ್ಬೊಬ್ಬರಾಗಿ ಒಳಗೆ ಹೋದರು.

ಚಕ್ರದ ಕಡ್ಡಿಗಳ ಸಂದಿಯಲ್ಲಿ ಇನ್ನೂ ಬಿಳಿ ಉಳಿದಿತ್ತು. ಮನ್ಸೂರ್ "ಸಾಕು ಅಬ್ಬಾ" ಎಂದ. ಅಜ್ಮತುಲ್ಲಾ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ. ಮತ್ತೆ ಇಕ್ಕಳದಲ್ಲಿ ಹಿಡಿದ. ಆದರೆ ಒದ್ದೆ ಪದಕ ಜಾರಿ ಕೆಂಡದ ಅಂಚಿಗೆ ಬಿತ್ತು. ಬಿದ್ದ ತಕ್ಷಣ ಮನ್ಸೂರ್ ಬರಿಗೈ ಚಾಚಿದ. ಅಜ್ಮತುಲ್ಲಾ ಆ ಕೈಯ ಮೇಲೆ ಫಟ್ಟನೆ ಹೊಡೆದ. "ಬಿಸಿ ಐತೆ ಕಣ್ಲಾ."

ಹೊಡೆದ ಕೈ ಅಲ್ಲೇ ನಿಂತಿತು. ಬಂದ ದಿನದಿಂದ ಜೇಬಿನಲ್ಲಿದ್ದ ಕೈ ಈಗ ಅವನ ಕಣ್ಣ ಮುಂದಿತ್ತು. ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಚರ್ಮ ಮೇಣದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಬೆರಳುಗಳು ಏನನ್ನೋ ಹಿಡಿದ ಹಾಗೆ ಮಡಚಿಕೊಂಡಿದ್ದವು, ಬಿಡಿಸಲು ನೋಡಿದರೆ ಬಿಡಿಸಿಕೊಳ್ಳಲಿಲ್ಲ. ಇಷ್ಟು ಹೊತ್ತು ಮಗ ತಿದಿ ಒತ್ತಿದ್ದು ಮಣಿಕಟ್ಟಿನಲ್ಲಿ.

"ಆ ವಾಲ್ವು ಇಷ್ಟು ಕಾದಿತ್ತಾ?"

"ಹೂಂ."

"ಮತ್ಯಾಕೆ ಬಿಡ್ಲಿಲ್ಲ?" ಅಜ್ಮತುಲ್ಲಾನ ದನಿ ಏರಿತು. "ಬೇವಕೂಫ್, ಹಿಂಗೆ ಸುಡೋ ತನಕ ಯಾಕೆ ಹಿಡ್ಕೊಂಡಿದ್ದೆ? ಬುಟ್ಟು ಆಚೆಗೆ ಓಡಕ್ಕೆ ಏನಾಗಿತ್ತು ನಿಂಗೆ?"

ಮನ್ಸೂರ್ ಸ್ವಲ್ಪ ನಕ್ಕ. "ಬಿಟ್ಟಿದ್ರೆ ನೀವು ಹೊಡೀತಿದ್ರಲ್ಲ ಅಬ್ಬಾ."

ಛತ್ರದೊಳಗಿಂದ ಎಲೆ ಹಾಕುವ ಸದ್ದು, ಬಡಿಸುವವರ ಕೂಗು ಕೇಳುತ್ತಿತ್ತು. ರಹಿಮಾ ಬೀ ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅಜ್ಮತುಲ್ಲಾ ಮಗನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಬೈಯುವ ದನಿಯಲ್ಲೇ ಹೇಳಿದ.

"ಇನ್ಮೇಲೆ ಸುಟ್ರೆ ಬುಟ್ಬುಡು. ಯಾವನು ಹೊಡೀತಾನೋ ನಾನು ನೋಡ್ಕೋತೀನಿ."